ಬಾಬ್‌ಕ್ಯಾಟ್‌ಗೆ ಯಾವ ತೋಟೆ?

ಅಮೆರಿಕದ ನೆವಾಡಾಕ್ಕೆ ಬಂದು ಕೋವಿ ಹಿಡಿದ ನಮ್ಮವರು ಯಾರೇ ಸಿಗಲಿ, ಚಳಿಗಾಲ ಶುರುವಾಯಿತೆಂದರೆ ಒಂದೇ ಮಾತು: "ಅಣ್ಣಾ, ಬಾಬ್‌ಕ್ಯಾಟ್‌ಗೆ ಯಾವ ತೋಟೆ ಹಾಕಿದ್ರೆ ಚರ್ಮ ಹಾಳಾಗಲ್ಲ?"

ನಾನು ಹಾಕುವುದು .22 ಹಾರ್ನೆಟ್ ತೋಟೆ, ಅದರಲ್ಲಿ 35 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ವಿ-ಮ್ಯಾಕ್ಸ್ ಎಂಬ ಗುಂಡು. ಅದು ಯಾಕೆಂದು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ.

ಬಾಬ್‌ಕ್ಯಾಟ್ ಸುಮಾರು ಹತ್ತು ಕೇಜಿಯ ಕಾಡುಬೆಕ್ಕು. ಚರ್ಮ ತೆಳು. ಬೆಲೆ ಬರುವುದು ಹೊಟ್ಟೆಯ ಬಿಳಿ ತುಪ್ಪಳಕ್ಕೆ, ಅದರ ಮೇಲಿನ ಕಪ್ಪು ಚುಕ್ಕೆಗಳಿಗೆ. ನನ್ನ ಮೊದಲ ಬೆಕ್ಕಿಗೆ .223 ತೋಟೆಯಲ್ಲಿ 55 ಗ್ರೇನ್‌ನ ಮೆತ್ತನೆ ಮೂತಿಯ ಗುಂಡು ಹೊಡೆದಿದ್ದೆ. ಒಳಹೋದ ತೂತು ಕಡಲೆಕಾಳಿಗಿಂತ ಚಿಕ್ಕದು. ಮಗ್ಗುಲು ಹೊರಳಿಸಿ ನೋಡಿದರೆ ಆಚೆ ಭುಜದಲ್ಲಿ ನನ್ನ ಮುಷ್ಟಿ ಹಿಡಿಸುವಷ್ಟು ಬಾಯಿ ತೆರೆದಿತ್ತು. ಚರ್ಮ ಕೆಡಿಸುವುದು ಹೊರಬರುವ ಗುಂಡು ಎನ್ನುವುದು ಆವತ್ತು ತಿಳಿಯಿತು.

ಹಾಗಾಗಿ ಗುಂಡು ಒಳಗೆ ಹೋಗಬೇಕು, ಎದೆಗೂಡಿನಲ್ಲಿ ಪುಡಿಯಾಗಬೇಕು, ಆಚೆ ಬರಬಾರದು. ಹಾರ್ನೆಟ್‌ನ ಈ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 3,100 ಅಡಿ ವೇಗದಲ್ಲಿರುತ್ತದೆ. ಪ್ಲಾಸ್ಟಿಕ್ ಮೂತಿ, ತೆಳು ತಾಮ್ರದ ಹೊದಿಕೆ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ಸಂದಿಗೆ ಬಿದ್ದರೆ ಶ್ವಾಸಕೋಶದಲ್ಲೇ ಚೂರಾಗುತ್ತದೆ. ಹೋದ ಸಲದ ಬೆಕ್ಕಿನಲ್ಲಿ ತೂತು ಹುಡುಕಲು ತುಪ್ಪಳವನ್ನು ಬಾಯಿಂದ ಊದಿ ಬಿಡಿಸಬೇಕಾಯಿತು.

ವೇಗ ಹೆಚ್ಚಿದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. .204 ರೂಗರ್ ತೋಟೆಯ 32 ಗ್ರೇನ್ ಗುಂಡು 4,200 ಅಡಿ ದಾಟುತ್ತದೆ. ಪಕ್ಕೆಗೆ ಬಿದ್ದರೆ ಸೊಗಸು. ಭುಜದ ಮೂಳೆಗೆ ತಾಗಿದರೆ ಮೇಲ್ಮೈಯಲ್ಲೇ ಸಿಡಿದು ಅಗಲವಾಗಿ ಹರಿಯಬಹುದು. ದೂರದ ಗುರಿಯಿರುವ ಬಯಲಿಗೆ ಅದು ಸರಿ. ಆದರೆ ಬೆಕ್ಕನ್ನು ಸೆಳೆಯಲು ಗಾಯಗೊಂಡ ಮೊಲದ ಕೂಗು ಹಾಕಿ ಕಾದರೆ ಅದು ನಿಧಾನಕ್ಕೆ, ಪೊದೆಯಿಂದ ಪೊದೆಗೆ, ಕೂತು ನೋಡುತ್ತಾ ಬರುತ್ತದೆ. ಕಾಯೋಟಿಗೆ (ತೋಳದಂಥ ಚಿಕ್ಕ ಕಾಡುನಾಯಿ) ಕಾಲು ಗಂಟೆ ಕಾದು ಎದ್ದುಹೋಗುವವರಿಗೆ ಇದು ಕಾಣುವುದೇ ಇಲ್ಲ. ನನ್ನ ಗುರಿಗಳೆಲ್ಲ ನೂರು ಗಜದ ಒಳಗಿನವು.

.17 ಎಚ್‌ಎಂಆರ್ ತೋಟೆ ಕೂಡ ಚರ್ಮಕ್ಕೆ ಒಳ್ಳೆಯದೇ. ಆದರೆ 17 ಗ್ರೇನ್‌ನ ಗುಂಡನ್ನು ಗಾಳಿ ತಳ್ಳುತ್ತದೆ, ನೂರು ಗಜ ತಲುಪುವಷ್ಟರಲ್ಲಿ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಎಪ್ಪತ್ತು ಗಜದೊಳಗೆ, ಗಾಳಿಯಿಲ್ಲದ ದಿನ ಮಾತ್ರ.

ಪೂರ್ತಿ ತಾಮ್ರ ಹೊದಿಸಿದ ಮಿಲಿಟರಿ ಗುಂಡನ್ನು ಹೊಡೆಯಿರಿ, ಎರಡೂ ಕಡೆ ಸಣ್ಣ ತೂತಷ್ಟೇ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೂಜಿ ಚುಚ್ಚಿದ ಹಾಗೆ ಹಾದುಹೋದರೆ ಬೆಕ್ಕು ಓಡಿ, ಬಂಡೆ ಸಂದಿನಲ್ಲಿ ನರಳಿ ಸಾಯುತ್ತದೆ. ಚರ್ಮ ಉಳಿಸಲು ಪ್ರಾಣಿಯನ್ನು ನರಳಿಸುವುದು ತಪ್ಪು.

ಲೈಸೆನ್ಸ್, ಸೀಸನ್ ನಿಯಮ ಮೊದಲು ಓದಿಕೊಳ್ಳಿ. ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಬಾಬ್‌ಕ್ಯಾಟ್ ಬೇಟೆಗೆ ತಡೆ ಬಿತ್ತು. ಕೊಡಗಿನಿಂದ ಓದುವವರಿಗೂ ಒಂದು ಮಾತು: ನಮ್ಮಲ್ಲಿ ಬೇಟೆ ತಡೆಯುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕೈಲ್‌ಪೋದ್ ಎಂಬ ಕೊಡಗಿನ ಆಯುಧ ಹಬ್ಬದ ತೆಂಗಿನಕಾಯಿಗೆ ಮಾತ್ರ ಗುರಿಯಿಡಿ.

ಇಷ್ಟಾಗಿಯೂ ತೂತು ದೊಡ್ಡದಾದರೆ, ರಕ್ತವನ್ನು ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಆಮೇಲೆ ಚರ್ಮವನ್ನು ಒಳಮಗ್ಗುಲಿಂದ, ತುಪ್ಪಳ ದಾರಕ್ಕೆ ಸಿಕ್ಕದ ಹಾಗೆ ಬೆರಳಲ್ಲಿ ಸರಿಸುತ್ತಾ, ಹತ್ತಿರ ಹತ್ತಿರ ಹೊಲಿಗೆ ಹಾಕಿ.