ಮೊದಲು ಉಸಿರು ಬಿಡಿ

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ನಾಲೆಯ ನೀರನ್ನೇ ನಂಬಿ ಬದುಕುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮನೆಗಳಲ್ಲಿ ಭಾನುವಾರ ಬೆಳಗ್ಗೆ ಬೇರೆ ಮಾತೇ ಇರಲಿಲ್ಲ. ಕಾರಟಗಿ ಸಮೀಪದ ನಮ್ಮ ಗದ್ದೆಯಲ್ಲಿ ಸೋನಾ ಮಸೂರಿಯ ನಾಟಿ ಆಗತಾನೆ ಮುಗಿದಿತ್ತು. ನಮ್ಮದರ ಜೊತೆಗೆ ಪಕ್ಕದವರ ಹೊಲವನ್ನೂ ಆ ವರ್ಷ ಗುತ್ತಿಗೆಗೆ ಹಿಡಿದಿದ್ದೆವು. ಗುತ್ತಿಗೆಯ ಹಣ, ಗೊಬ್ಬರದ ಅಂಗಡಿಯ ಬಾಕಿ, ನಾಟಿಯ ಕೂಲಿ, ಎಲ್ಲವೂ ಸಾಲದ ಮೇಲೆಯೇ ನಿಂತಿತ್ತು.

ನಮ್ಮ ಮನೆಯವರು ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಮೊಬೈಲಿಗೆ ಮಾತ್ರ ನೀರು ಧುಮ್ಮಿಕ್ಕುವ ವಿಡಿಯೋಗಳು ಒಂದರ ಹಿಂದೊಂದು ಬರುತ್ತಿದ್ದವು. ನಾನು ರೊಟ್ಟಿ ಬಡಿಯುತ್ತಾ ಅವನ್ನೇ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಆಕಳಿಕೆ ಶುರುವಾಯಿತು. ನಿದ್ದೆಗೆ ಬರುವ ಆಕಳಿಕೆಯಲ್ಲ. ಎಷ್ಟು ಎಳೆದುಕೊಂಡರೂ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಇನ್ನೊಂದು ಎಳೆದರೆ ಸರಿಯಾದೀತು ಎಂದು ಇನ್ನೊಂದು, ಅದೂ ಸಾಲದೆ ಮತ್ತೊಂದು. ತುಟಿಯ ಸುತ್ತ ಜುಮ್ಮೆನ್ನತೊಡಗಿತು. ಬೆರಳುಗಳು ಮರಗಟ್ಟಿ ತಾವಾಗಿಯೇ ಒಳಕ್ಕೆ ಮಡಚಿಕೊಂಡವು. ತಲೆ ಸುತ್ತಿತು, ಎದೆ ಬಿಗಿಯಿತು. ಇದು ಹೃದಯಾಘಾತ, ನನ್ನ ಜೀವ ಹೋಗುತ್ತಿದೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸುತ್ತಲಿದ್ದವರೆಲ್ಲ ನನ್ನ ಮೇಲಿನ ಅಕ್ಕರೆಯಿಂದಲೇ ಓಡಿಬಂದರು. ಅತ್ತೆ ಬೆನ್ನು ತಿಕ್ಕುತ್ತಾ, "ಜೋರಾಗಿ ಉಸಿರು ತಗೋ ಅವ್ವಾ, ಇನ್ನೂ ಜೋರಾಗಿ" ಎನ್ನುತ್ತಿದ್ದರು. ನೆಗೆಣ್ಣಿ ಗ್ಯಾಸ್ ಇರಬೇಕೆಂದು ನಿಂಬೆಹಣ್ಣಿನ ಸೋಡಾ ತಂದಳು. ಮೈದುನ ಯಾವುದೋ ಸಿನಿಮಾದಲ್ಲಿ ನೋಡಿದ್ದನಂತೆ, ಕಾಗದದ ಚೀಲವನ್ನು ಮೂಗಿಗೆ ಹಿಡಿಯಲು ಬಂದ. ಜೋರಾಗಿ ಎಳೆದಷ್ಟೂ ನನಗೆ ಉಸಿರು ಕಡಿಮೆಯಾಗುತ್ತಿತ್ತು.

ಗಂಗಾವತಿಯ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಸಿಕ್ಕಿಸಿದಾಗ ಪರದೆಯ ಮೇಲೆ 99 ಎಂದು ಬಂತು. ಆಮ್ಲಜನಕ ಪೂರ್ತಿ ಇದೆ ಎಂದರ್ಥ. ಇಸಿಜಿಯೂ ಸರಿಯಾಗಿತ್ತು. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದ ವೈದ್ಯೆ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಗೂ ಬರೆದರು. ರಕ್ತಹೀನತೆಯಿಂದಲೂ, ಥೈರಾಯ್ಡ್ ಏರುಪೇರಿನಿಂದಲೂ ಹೀಗೆ ಆಗುವುದುಂಟು ಎಂದರು. ಆಮೇಲೆ ನನ್ನ ಎದುರಿಗೇ ಸ್ಟೂಲ್ ಎಳೆದುಕೊಂಡು ಕುಳಿತು, "ಅಮ್ಮಾ, ನೀವು ಈಗ ಉಸಿರು ತೆಗೆದುಕೊಳ್ಳುವುದನ್ನು ಮರೆತುಬಿಡಿ. ಬಿಡಿ ಅಷ್ಟೇ. ಒಳಗಿರುವುದನ್ನೆಲ್ಲ ನಿಧಾನವಾಗಿ ಬಿಡಿ" ಎಂದರು.

ಬೆಳಗಿನಿಂದ ಆ ಮಾತನ್ನು ಹೇಳಿದವರು ಅವರೊಬ್ಬರೇ. ಬಿಸಿ ಚಹಾ ಆರಿಸುವಂತೆ ತುಟಿ ಸಣ್ಣದು ಮಾಡಿ, ಆರು ಎಣಿಸುವವರೆಗೆ ಬಿಡಬೇಕು. ಮುಂದಿನ ಉಸಿರು ತಾನಾಗಿಯೇ ಬರುತ್ತದೆ, ಅದನ್ನು ಮೂಗಿನಿಂದ ನಾಲ್ಕು ಎಣಿಸುವಷ್ಟು ಮಾತ್ರ ತೆಗೆದುಕೊಳ್ಳಬೇಕು. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ; ಏಳಬೇಕಾದದ್ದು ಹೊಟ್ಟೆಯ ಮೇಲಿನ ಕೈ. ನನ್ನ ಜೊತೆಗೆ ಅವರೂ ಉಸಿರು ಬಿಡುತ್ತಾ ಎಣಿಸಿದರು. ಮೊದಮೊದಲು ಆರರವರೆಗೆ ಹೋಗಲು ಆಗದೆ ಮೂರಕ್ಕೇ ನಿಲ್ಲುತ್ತಿತ್ತು. "ಮೂರಾದರೂ ಸಾಕು, ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ಉದ್ದವಿರಲಿ" ಎಂದರು. ಮಡಚಿಕೊಂಡಿದ್ದ ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದೆ.

ಏಕೆ ಹೀಗಾಯಿತೆಂದು ಅವರು ಬಿಡಿಸಿ ಹೇಳಿದರು. ಆತಂಕದಲ್ಲಿ ಉಸಿರಾಟ ವೇಗವಾಗುತ್ತದೆ. ಆರಾಮವಾಗಿ ಕುಳಿತ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ನನ್ನದು ಅದನ್ನು ಮೀರಿ ಓಡುತ್ತಿತ್ತು. ಆಗ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಹೊರಹೋಗುತ್ತದೆ. ರಕ್ತದಲ್ಲಿ ಅದು ತಗ್ಗಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ. ನರಗಳಿಗೆ ದಕ್ಕುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿ, ಬೆರಳು ಜುಮ್ಮೆನ್ನುತ್ತವೆ. ಈ ಲಕ್ಷಣಗಳು ಇನ್ನಷ್ಟು ಹೆದರಿಸುತ್ತವೆ, ಹೆದರಿದಷ್ಟೂ ಉಸಿರು ಓಡುತ್ತದೆ. ಅದೂ ಅಲ್ಲದೆ ಪೂರ್ತಿ ಬಿಡದೆ ಎಳೆಯುತ್ತಲೇ ಹೋದರೆ ಎದೆಗೂಡು ಮೊದಲೇ ಉಬ್ಬಿರುತ್ತದೆ, ಹೊಸ ಉಸಿರಿಗೆ ಅಲ್ಲಿ ಜಾಗವೆಲ್ಲಿ? ಕಾಗದದ ಚೀಲದ ಸಂಗತಿ ಕೇಳಿ ಅವರು ಗಾಬರಿಯಾದರು. ಅದನ್ನು ಈಗ ಯಾರಿಗೂ ಹೇಳುವುದಿಲ್ಲವಂತೆ: ಉಸಿರುಗಟ್ಟಿದ್ದಕ್ಕೆ ಕಾರಣ ಆಸ್ತಮಾ ಅಥವಾ ಹೃದಯದ ತೊಂದರೆಯಾಗಿದ್ದರೆ ಚೀಲದೊಳಗೆ ಆಮ್ಲಜನಕ ಇಳಿದು ಜೀವಕ್ಕೇ ಅಪಾಯ.

ಆ ವಾರವೆಲ್ಲ ಉಸಿರು ಹಲವು ಸಲ ಸಿಕ್ಕಿಹಾಕಿಕೊಂಡಿತು. ಮೊಬೈಲಿನ ವಿಡಿಯೋ ನೋಡುವುದನ್ನು ಬಿಟ್ಟೆ. ಸಂಜೆ ಒಂದು ಬಾರಿ ನಮ್ಮ ಮನೆಯವರು ಸುದ್ದಿ ಹೇಳಿದರೆ ಸಾಕು ಎಂದೆ. ಅದರಿಂದ ಅವರೂ ಬಾಯಿಬಿಟ್ಟು ಮಾತನಾಡತೊಡಗಿದರು, ನನಗೆ ಔಷಧಕ್ಕಿಂತ ಹೆಚ್ಚಾದದ್ದು ಅದು. ಆಗಸ್ಟ್ 17ರ ಹೊತ್ತಿಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂಡಿಸಿ ನೀರನ್ನು ನಿಲ್ಲಿಸಿದರು. ಮುಂದೆ ಮಳೆಯೂ ಕೈಹಿಡಿದು ಡ್ಯಾಂ ಮತ್ತೆ ತುಂಬಿತು, ಬೆಳೆ ಬಂತು. ನನ್ನ ಉಸಿರು ಮಾತ್ರ ಅಷ್ಟು ಬೇಗ ನೆಟ್ಟಗಾಗಲಿಲ್ಲ. ಗಂಡಾಂತರ ಕಳೆದ ಮೇಲೂ ಮೈ ಅದನ್ನು ಮರೆಯುವುದಿಲ್ಲ.

ವೈದ್ಯೆ ಹೇಳಿದ್ದ ಇನ್ನೊಂದು ಮಾತಿನ ಬೆಲೆ ಆಗ ತಿಳಿಯಿತು: ಅಭ್ಯಾಸವನ್ನು ಚೆನ್ನಾಗಿರುವ ಹೊತ್ತಿನಲ್ಲಿ ಮಾಡಬೇಕು, ಗಾಬರಿಯಾದಾಗ ಕಲಿಯಲು ಹೊರಟರೆ ಬರುವುದಿಲ್ಲ. ಬೆಳಗ್ಗೆ ಅತ್ತೆಯೊಡನೆ ಕುಳಿತು ಭ್ರಾಮರಿ ಮಾಡುತ್ತೇನೆ. ಹೂಂಕರಿಸುವಾಗ ಉಸಿರು ತಾನಾಗಿಯೇ ಉದ್ದಕ್ಕೆ ಹೊರಹೋಗುತ್ತದೆ, ಎಣಿಸುವ ಗೊಡವೆಯಿಲ್ಲ. ರಾತ್ರಿ ಮಲಗಿ ಸ್ನಾಯುಗಳನ್ನು ಬಿಗಿದು ಸಡಿಲಿಸುತ್ತೇನೆ. ಇದನ್ನು ರೂಪಿಸಿದವರು ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು, ಸುಮಾರು ನೂರು ವರ್ಷಗಳ ಹಿಂದೆ. ಪಾದದಿಂದ ಆರಂಭಿಸಿ ಮೀನಖಂಡ, ತೊಡೆ, ಮುಷ್ಟಿ, ಭುಜ, ಕೊನೆಗೆ ಮುಖ: ಕೆಲವು ಕ್ಷಣ ಬಿಗಿಹಿಡಿದು ಒಮ್ಮೆಲೇ ಬಿಟ್ಟುಬಿಡುವುದು. ನನ್ನ ಭುಜಗಳು ದಿನವಿಡೀ ಕಿವಿಯ ಹತ್ತಿರವೇ ಇರುತ್ತವೆಂದು ತಿಳಿದದ್ದು ಇದರಿಂದಲೇ. ಕೆಲವು ದಿನ ಉಸಿರಿನ ಮೇಲೆ ಗಮನವಿಟ್ಟಷ್ಟೂ ಅದು ಕೆಡುತ್ತದೆ. ಆಗ ಎದ್ದು ಗದ್ದೆಯ ಬದುವಿಗೆ ಹೋಗಿ ಬೆಳ್ಳಕ್ಕಿಗಳನ್ನು ನೋಡುತ್ತಾ ನಿಲ್ಲುವುದೇ ಒಳ್ಳೆಯದು.

ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದಾಗ, ಊರಿನವರು ಏನೆಂದಾರು ಎಂದು ಅತ್ತೆ ಅಂಜಿದರು. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಷ್ಟು ಹಿಂದೆಯೇ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಅಲ್ಲೇ ಔಷಧ ಸಿಗುವಂತೆ ಮಾಡಿದ್ದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿಯೇ. ನಮ್ಮ ಸೀಮೆಯಿಂದ ದೇಶ ಕಲಿತದ್ದಕ್ಕೆ ನಾವೇ ನಾಚಬೇಕೇ ಎಂದು ಕೇಳಿದೆ. ಅತ್ತೆಯೇ ನನ್ನ ಜೊತೆ ಬಂದರು. ಆಸ್ಪತ್ರೆಗೆ ಹೋಗಲಾಗದವರಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ: 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲಿ ಮಾತನಾಡಬಹುದು.

ಕಳೆದ ಸುಗ್ಗಿಯಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಬಂದು, "ನನಗೂ ದಮ್ಮು ಹತ್ತುತ್ತದೆ ತಂಗೀ, ಆ ಉಸಿರಿನ ಪಾಠ ಹೇಳಿಕೊಡು" ಎಂದರು. ಯಾವಾಗ ಹತ್ತುತ್ತದೆ ಎಂದು ಕೇಳಿದೆ. ಭತ್ತದ ಚೀಲ ಎತ್ತಿದಾಗ, ಮೆಟ್ಟಿಲು ಹತ್ತಿದಾಗ. ಕುಳಿತರೆ ಇಳಿಯುತ್ತದೆ, ಎಡಗೈ ಸೆಳೆಯುತ್ತದೆ ಎಂದರು. ನಾನು ಪಾಠ ಹೇಳಲಿಲ್ಲ. "ಅದು ಆಮೇಲೆ ಕಾಕಾ, ಮೊದಲು ಇಸಿಜಿ" ಎಂದು ಅವರ ಮಗನನ್ನು ಕರೆಸಿ ಅಂದೇ ಗಂಗಾವತಿಗೆ ಕಳುಹಿಸಿದೆ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಈಗ ಸ್ಟೆಂಟ್ ಹಾಕಿಸಿಕೊಂಡು ಆರಾಮವಾಗಿದ್ದಾರೆ.