ಕ್ಲಿಪ್ ತೆಗೆದ ಮೇಲಿನ ನಗು

ಶಿರಸಿಯಲ್ಲಿ ಈಗ ಹೈಸ್ಕೂಲು ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವುದು ಅಪರೂಪವೇನಲ್ಲ. ಇತ್ತೀಚೆಗೆ ನನ್ನ ತಂಗಿಯ ಮಗಳ ಕ್ಲಿಪ್ ತೆಗೆದಾಗ ನಾವೆಲ್ಲ ಹಲ್ಲು ಸಾಲಾಗಿದೆಯೇ ಎಂದಷ್ಟೇ ನೋಡಿದೆವು. ವೈದ್ಯರು ಮಾತ್ರ ಅವಳನ್ನು ಎದುರಿಗೆ ಕೂರಿಸಿ, ಮಾತನಾಡಿಸಿ, ನಗಿಸಿ, ಮೇಲ್ದುಟಿ ಎಷ್ಟು ಏರುತ್ತದೆಂದು ಗಮನಿಸಿದರು.

ಹಲ್ಲು ನೇರವಾದ ಮಾತ್ರಕ್ಕೆ ನಗು ಚೆಂದವಾಗುವುದಿಲ್ಲ. ಮೇಲಿನ ಮುಂದಿನ ಹಲ್ಲುಗಳ ಅಂಚು ಸಪಾಟಾಗಿರದೆ, ನಕ್ಕಾಗ ಕೆಳದುಟಿಯಲ್ಲಿ ಮೂಡುವ ಬಾಗಿಗೆ ಹೊಂದಿಕೊಂಡು ಸಾಗಬೇಕು. ನಡುವಿನ ಎರಡು ಹಲ್ಲುಗಳಿಗಿಂತ ಅವುಗಳ ಪಕ್ಕದವು ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಗಿಡ್ಡವಾಗಿದ್ದರೆ ಮುಖಕ್ಕೆ ಒಪ್ಪುತ್ತದೆ. ಕ್ಲಿಪ್ಪಿನ ಬಿಲ್ಲೆಗಳನ್ನು ಅಂಟಿಸುವ ಎತ್ತರ ತಪ್ಪಿದರೆ ಈ ಬಾಗು ಅಳಿಸಿಹೋಗಬಹುದು. ಹದಿಹರೆಯದಲ್ಲಿ ನಗುವಾಗ ಒಂದೆರಡು ಮಿಲಿಮೀಟರ್ ವಸಡು ಕಾಣುವುದು ದೋಷವಲ್ಲ, ಏಕೆಂದರೆ ವಯಸ್ಸಾದಂತೆ ಮೇಲ್ದುಟಿ ಇಳಿದು ಮೇಲಿನ ಹಲ್ಲುಗಳು ಕಾಣುವುದೇ ಕಡಿಮೆಯಾಗುತ್ತದೆ. ಆದ್ದರಿಂದ ಅಷ್ಟು ವಸಡನ್ನೂ ಮರೆಮಾಡಲೆಂದು ಎಳೆಯರ ಹಲ್ಲುಗಳನ್ನು ಮೇಲಕ್ಕೆ ಸರಿಸುವಂತೆ ವೈದ್ಯರನ್ನು ಒತ್ತಾಯಿಸುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ವಸಡಿನ ನಾರುಗಳು ಹಲ್ಲಿನ ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಸುಮಾರು ಒಂದು ವರ್ಷ ಬೇಕಾಗುತ್ತದೆ. ಕ್ಲಿಪ್ ತೆಗೆದ ಮೇಲೆ ಹಲ್ಲುಗಳನ್ನು ಹೊಸ ಜಾಗದಲ್ಲೇ ಹಿಡಿದಿಡಲು ಹಾಕಿಕೊಳ್ಳುವ ಪ್ಲಾಸ್ಟಿಕ್ಕಿನ ರಿಟೇನರನ್ನು ಅಷ್ಟರೊಳಗೆ ಬಿಟ್ಟರೆ ಹಲ್ಲುಗಳು, ಅದರಲ್ಲೂ ತಿರುಚಿಕೊಂಡಿದ್ದು ಸರಿಮಾಡಿಸಿದವು, ಮತ್ತೆ ಹಳೆಯ ಕಡೆಗೇ ಹೊರಳುತ್ತವೆ. ವರ್ಷ ಕಳೆದ ಮೇಲೂ ವೈದ್ಯರು ಹೇಳುವಷ್ಟು ಕಾಲ ರಾತ್ರಿ ಧರಿಸಬೇಕು. ಮದುವೆಮನೆಯ ಊಟದಲ್ಲಿ ತೆಗೆದು ಬಾಳೆಲೆಯ ಪಕ್ಕ ಇಟ್ಟ ರಿಟೇನರ್ ಎಲೆಯೊಂದಿಗೇ ಹೊರಗೆ ಹೋಗಿಬಿಡುತ್ತದೆ, ಆದ್ದರಿಂದ ಅದರ ಡಬ್ಬಿ ಸದಾ ಜೊತೆಗಿರಲಿ. ತೊಳೆಯಲು ತಣ್ಣೀರನ್ನೇ ಬಳಸಬೇಕು. ಬಿಸಿನೀರಿಗೆ ಪ್ಲಾಸ್ಟಿಕ್ಕಿನ ಆಕಾರ ಕೆಡುತ್ತದೆ.