ಎರಡನೇ ಬಾಟಲಿ

ಹಾಸನದಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಸೂಕ್ಷ್ಮಜೀವಿಶಾಸ್ತ್ರದ ಮೇಷ್ಟ್ರು ಹುಣಸಿನಕೆರೆಯ ಅಂಚಿನ ಕಪ್ಪು ಕೆಸರನ್ನು ತರಿಸಿ ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿದರು. ಹಳೆಯ ಟಾರ್ಚ್ ಸೆಲ್ಲುಗಳನ್ನು ಒಡೆದು ತೆಗೆದ ಇಂಗಾಲದ ಕಡ್ಡಿಗಳಲ್ಲಿ ಒಂದನ್ನು ಕೆಸರಿನೊಳಗೆ ಹೂತು, ಇನ್ನೊಂದನ್ನು ಮೇಲಿನ ತಿಳಿನೀರಿನಲ್ಲಿ ಇಳಿಬಿಟ್ಟು, ಎರಡಕ್ಕೂ ಮಲ್ಟಿಮೀಟರ್ ತಗುಲಿಸಿದ್ದಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮುಳ್ಳು 0.3 ವೋಲ್ಟ್‌ನ ಹತ್ತಿರ ನಿಂತಿತು. ನಾವು ಉಸಿರಾಡುವಾಗ ಆಹಾರದಿಂದ ಬಂದ ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಗಾಳಿಯಿಲ್ಲದ ಕೆಸರಿನ ಕೆಲವು ಬ್ಯಾಕ್ಟೀರಿಯಾಗಳು ಅವನ್ನು ಕಬ್ಬಿಣಕ್ಕೋ ಮ್ಯಾಂಗನೀಸಿಗೋ, ಸಿಕ್ಕಿದರೆ ಇಂಗಾಲದ ಕಡ್ಡಿಗೋ ದಾಟಿಸುತ್ತವೆ. ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ಪಾಟರ್ ಎಂಬುವರು 1911ರಲ್ಲೇ ಸೂಕ್ಷ್ಮಜೀವಿಗಳಿಂದ ವಿದ್ಯುತ್ತನ್ನು ಅಳೆದಿದ್ದರೆಂದು ನಮಗೆ ತಿಳಿದದ್ದೂ ಆಗಲೇ.

ಕೆಸರು ನಾರತೊಡಗಿದಾಗ ನಾನು ಯಾರಿಗೂ ಹೇಳದೆ ಒಂದು ಮುಚ್ಚಳ ಫಿನಾಯಿಲ್ ಸುರಿದೆ. ಮರುದಿನದಿಂದ ಮುಳ್ಳು ಇಳಿಯುತ್ತ ಹೋಯಿತು. ರೆಕಾರ್ಡ್ ಪುಸ್ತಕದಲ್ಲಿ ನಾನು ಗಂಭೀರವಾಗಿ ‘ಕೆಸರಿನ ಸತ್ವ ಮುಗಿದಿದೆ’ ಎಂದು ಬರೆದೆ. ಮೇಷ್ಟ್ರು ಬಾಟಲಿಯ ಬಾಯಿ ಮೂಸಿ ನೋಡಿದರು, ಫಿನಾಯಿಲ್ ಮಾತೆತ್ತಲಿಲ್ಲ. “ಉಪವಾಸ ಬಿದ್ದು ನಿಂತವೋ, ಸತ್ತು ನಿಂತವೋ, ನಿನಗೆ ಹೇಗಯ್ಯಾ ಗೊತ್ತಾಯ್ತು? ಎರಡನೇ ಬಾಟಲಿ ಎಲ್ಲಿ?” ಎಂದಷ್ಟೇ ಕೇಳಿದರು.

ಈಗ ನಾನು ಮಾಡುತ್ತಿರುವ ಕೆಲಸ, ಅಂದರೆ ಸೋಂಕನ್ನು ಕರೆಂಟಿನಿಂದ ಪತ್ತೆಹಚ್ಚುವುದು, ಆ ಬಾಟಲಿಯ ದೂರದ ನೆಂಟ. ಶ್ವಾಸಕೋಶಕ್ಕೂ ಸುಟ್ಟ ಗಾಯಕ್ಕೂ ಸೋಂಕು ತರುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ, ತನ್ನ ಬಳಗ ಎಷ್ಟು ಬೆಳೆದಿದೆಯೆಂದು ತಿಳಿಯಲು ಅಸೈಲ್ ಹೋಮೋಸೆರಿನ್ ಲ್ಯಾಕ್ಟೋನ್ ಎಂಬ ಅಣುಗಳನ್ನು ಹೊರಬಿಡುತ್ತದೆ. ಆ ಅಣುವನ್ನು ಗುರುತಿಸುವ ಲಾಸ್‌ಆರ್ ಪ್ರೋಟೀನಿನ ವಂಶವಾಹಿಯನ್ನು ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ನಿರಪಾಯಕಾರಿ ತಳಿಯೊಂದಕ್ಕೆ ಸೇರಿಸಿದರೆ, ಅಣು ಒಳಹೊಕ್ಕಾಗ ಆ ಜೀವಕೋಶ ಬೀಟಾ ಗ್ಯಾಲಕ್ಟೊಸಿಡೇಸ್ ಕಿಣ್ವವನ್ನು ತಯಾರಿಸುವಂತೆ ಮಾಡಬಹುದು. ನಾವು ಜೊತೆಗೆ ಹಾಕಿಟ್ಟ ಸಕ್ಕರೆ ಸಂಯುಕ್ತವನ್ನು ಕಿಣ್ವ ಒಡೆಯುತ್ತದೆ, ಪ್ಯಾರಾ ಅಮಿನೋಫಿನಾಲ್ ಬಿಡುಗಡೆಯಾಗುತ್ತದೆ, ಅದು ಎಲೆಕ್ಟ್ರೋಡಿನ ಮೇಲೆ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವಾಗ ಕರೆಂಟ್ ಏರುತ್ತದೆ. ಪ್ರತಿಕಾಯಗಳಿಂದ ರೋಗಾಣುವನ್ನು ಗುರುತಿಸುವ ಪರೀಕ್ಷೆಗಳಂತೆ ಅವುಗಳನ್ನು ಶುದ್ಧೀಕರಿಸುವ ಖರ್ಚಿಲ್ಲ. ಸಂವೇದಕವೇ (ಸೆನ್ಸರ್) ಬ್ಯಾಕ್ಟೀರಿಯಾ ಆದ್ದರಿಂದ ಅದನ್ನು ಫ್ಲಾಸ್ಕಿನಲ್ಲಿ ಬೆಳೆಸಿಕೊಳ್ಳಬಹುದು. ಆದರೆ ಜೀವಕೋಶ ಕಿಣ್ವವನ್ನು ತಯಾರಿಸುವವರೆಗೆ ಕಾಯಲೇಬೇಕು, ಅದನ್ನು ಅವಸರಪಡಿಸುವಂತಿಲ್ಲ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ಒಂದೆರಡು ದಿನ ಕಾಯುವವರಿಗೆ ಇದು ದೊಡ್ಡ ಕಾಯುವಿಕೆಯೇನಲ್ಲ ಎಂಬುದು ನನ್ನ ಎಣಿಕೆ.

ನಿಜವಾದ ತೊಡಕು ಬೇರೆ. ಆಸ್ಪತ್ರೆಯಿಂದ ಬರುವ ಕಫದಲ್ಲಿ, ರೋಗಿಗೆ ಆಗಲೇ ಕೊಟ್ಟಿರುವ ಆಂಟಿಬಯೋಟಿಕ್ ಕೂಡ ಇರಬಹುದು. ಅದು ಸ್ಯೂಡೋಮೊನಾಸಿಗಿಂತ ಮೊದಲು ನಮ್ಮ ಇ. ಕೋಲಿಯನ್ನೇ ಕೊಂದುಬಿಟ್ಟರೆ ಕರೆಂಟ್ ಏರುವುದಿಲ್ಲ, ಓದುವವರು ಸೋಂಕಿಲ್ಲ ಎಂದು ಬರೆದುಬಿಡುತ್ತಾರೆ. ನನ್ನ ‘ಸತ್ವ ಮುಗಿದಿದೆ’ಯಂಥದೇ ಷರಾ, ಆದರೆ ಇಲ್ಲಿ ಮಂಚದ ಮೇಲೆ ಮನುಷ್ಯನಿದ್ದಾನೆ.

ಆದ್ದರಿಂದ ನಮ್ಮ ಪರೀಕ್ಷಾ ಪಟ್ಟಿಯ (ಸ್ಟ್ರಿಪ್) ಮೇಲೆ ಎರಡು ಎಲೆಕ್ಟ್ರೋಡುಗಳಿವೆ. ಎರಡನೆಯದರ ಮೇಲಿರುವ ಬ್ಯಾಕ್ಟೀರಿಯಾ ಯಾವ ಅಣುವಿಗೂ ಕಾಯದೆ ಸದಾ ಕಿಣ್ವವನ್ನು ತಯಾರಿಸುತ್ತಿರುತ್ತದೆ. ಅದೂ ಸುಮ್ಮನಾಯಿತೆಂದರೆ ಆ ಮಾದರಿಯ ಬಗ್ಗೆ ನಾವು ಏನನ್ನೂ ಹೇಳುವುದಿಲ್ಲ, ಪಟ್ಟಿಯನ್ನು ಎಸೆದು ಬೇರೆ ದಾರಿ ಹುಡುಕುತ್ತೇವೆ. ಪ್ರಯೋಗಾಲಯದ ಹುಡುಗರು ಅದನ್ನು ಕಂಟ್ರೋಲ್ ಎನ್ನುತ್ತಾರೆ. ನನ್ನ ಪುಸ್ತಕದಲ್ಲಿ ಆ ಕಾಲಮ್ಮಿನ ತಲೆಯ ಮೇಲೆ ‘ಬಾಟಲಿ 2’ ಎಂದಿರುತ್ತದೆ, ಯಾಕೆಂದು ಅವರು ಇನ್ನೂ ಕೇಳಿಲ್ಲ.